ಹಳೇ ಕ್ಯೂಗೆ ಬೆಲೆ ಕಟ್ಟುವ ಮುನ್ನ ಮರ ನೋಡಿ

ಮಾನ್ಯ ಸಂಪಾದಕರೇ,

ಆನ್‌ಲೈನ್‌ನಲ್ಲಿ ಹಳೇ ಸಾಮಾನು ಮಾರುವ ಕಡೆಯೆಲ್ಲ ಈಗ ಬಿಲಿಯರ್ಡ್ಸ್, ಸ್ನೂಕರ್ ಕ್ಯೂಗಳು, ಅಂದರೆ ಚೆಂಡು ಹೊಡೆಯುವ ಕೋಲುಗಳು ಕಾಣುತ್ತಿವೆ. ‘ಬ್ರಿಟಿಷರ ಕಾಲದ್ದು’, ‘ಆ್ಯಂಟಿಕ್ ಪೂಲ್ ಸ್ಟಿಕ್’ ಅಂತ ಬರೆದು ಬಾಯಿಗೆ ಬಂದ ಬೆಲೆ ಹಾಕುತ್ತಾರೆ. ಕೊಳ್ಳುವವರಲ್ಲಿ ಹೊಸದಾಗಿ ಆಟ ಕಲಿಯುವ ಹುಡುಗ ಹುಡುಗಿಯರೂ ಇದ್ದಾರೆ. ಪಂಕಜ್ ಅಡ್ವಾಣಿಯಂಥ ಆಟಗಾರ ಬೆಳೆದ ರಾಜ್ಯ ನಮ್ಮದು. ಇಲ್ಲಿ ಆಟ ಕಲಿಯೋ ಆಸೆ ಇದ್ದವರಿಗೆ ಒಳ್ಳೆ ಹಳೇ ಕ್ಯೂ ಕಡಿಮೆ ಬೆಲೆಗೆ ಸಿಕ್ಕರೆ ಅದಕ್ಕಿಂತ ಸಂತೋಷ ಬೇರೆ ಇಲ್ಲ. ಆದರೆ ಅವರಿಗೆ ಟೋಪಿ ಹಾಕುತ್ತಿರೋದನ್ನು ನೋಡಿ ಸುಮ್ನೆ ಇರೋಕಾಗದೆ ಬರೆಯುತ್ತಿದ್ದೇನೆ.

ನನ್ನ ಮಾತು ಇಷ್ಟೇ. ಹಳೇ ಕ್ಯೂಗೆ ದುಡ್ಡು ಕೊಡಬೇಕಾದ್ದು ಅದು ಇವತ್ತೂ ಚೆನ್ನಾಗಿ ಆಡುತ್ತದೆ ಅಂತ. ಬರೀ ವಯಸ್ಸಿಗೆ, ಇಲ್ಲವೇ ಬುಡದಲ್ಲಿ ಹೆಸರು ಬರೆದು ಕೂರಿಸಿರುವ ಬ್ಯಾಡ್ಜಿಗೆ ದುಡ್ಡು ಸುರಿಯಬೇಡಿ.

ಮೊದಲು ಮರ ನೋಡಿ. ನಮ್ಮಲ್ಲಿ ಸಿಗುವ ಹಳೇ ಕ್ಯೂಗಳು ಜಾಸ್ತಿ ಇಂಗ್ಲೆಂಡಿನವು. ಮುಂಭಾಗ ಆ್ಯಶ್ ಇಲ್ಲವೇ ಮೇಪಲ್ ಅನ್ನುವ ಬಿಳಿ ಮರ, ಹಿಡಿಯುವ ಕಡೆ ಎಬೊನಿ ಅನ್ನುವ ಕರಿ ಮರ. ಆ್ಯಶ್ ಆದರೆ ಮೇಲ್ಮೈಯಲ್ಲಿ ಬಾಣದ ತುದಿಯಂಥ ಗೆರೆಗಳು ಸಾಲಾಗಿ ಕಾಣುತ್ತವೆ. ಆ ಸಾಲು ನೆಟ್ಟಗೆ ಟಿಪ್‌ವರೆಗೂ, ಅಂದರೆ ಚೆಂಡಿಗೆ ತಗಲುವ ತುದಿವರೆಗೂ ಹೋಗಿದ್ದರೆ ಮರ ಒಳ್ಳೆಯದು. ನಡುವೆ ಪಕ್ಕಕ್ಕೆ ಜಾರಿ ಅಂಚಿನಲ್ಲಿ ಮಾಯವಾಗಿದ್ದರೆ ಆ ಮರ ಬಾಗುವ ಸಂಭವ ಜಾಸ್ತಿ, ಜೋರಾಗಿ ಹೊಡೆದರೆ ಸೀಳಲೂಬಹುದು.

ನೆಟ್ಟಗಿದೆಯಾ ಅಂತ ನೋಡೋಕೆ ಎಲ್ಲರೂ ಟೇಬಲ್ ಮೇಲೆ ಉರುಳಿಸುತ್ತಾರೆ. ಅದೊಂದನ್ನೇ ನಂಬಬೇಡಿ. ತುಂಬಾ ಸ್ನೂಕರ್ ಕ್ಯೂಗಳ ಬುಡದಲ್ಲಿ ಬ್ಯಾಡ್ಜಿಗೆ ಅಂತ ಒಂದು ಕಡೆ ಚಪ್ಪಟೆ ಕೆತ್ತಿರುತ್ತಾರೆ, ಹಾಗಾಗಿ ನೆಟ್ಟಗಿರುವ ಕ್ಯೂ ಕೂಡ ಉರುಳುವಾಗ ಕುಣಿಯುತ್ತದೆ. ಬುಡವನ್ನು ಕೆನ್ನೆ ಹತ್ತಿರ ಹಿಡಿದು, ಒಂದು ಕಣ್ಣು ಮುಚ್ಚಿ, ಟಿಪ್‌ವರೆಗೂ ಕಣ್ಣು ಹಾಯಿಸುತ್ತಾ ನಿಧಾನಕ್ಕೆ ತಿರುಗಿಸಿ. ಉದ್ದಕ್ಕೂ ಸಣ್ಣ ಬಾಗು ಇದ್ದರೆ ಪರವಾಗಿಲ್ಲ, ಅಷ್ಟು ವರ್ಷದ ಮರ ಅಲ್ವಾ, ಆಡಬಹುದು. ಆದರೆ ಟಿಪ್ ಹತ್ತಿರದ ಒಂದು ಅಡಿಯಲ್ಲಿ ಗಂಟಿನ ಹಾಗೆ ಸೊಟ್ಟಗಿದ್ದರೆ, ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ.

ಆಮೇಲೆ ಟಿಪ್ ಕೂರುವ ಹಿತ್ತಾಳೆ ಬಳೆಯ ಕಡೆ ಬನ್ನಿ. ಟಿಪ್ ಹೋಗಿದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಅದು ತೊಗಲಿನ ಚೂರು, ಹೊಸದು ಹಾಕಿಸಬಹುದು. ಮರದಿಂದ ಬಳೆಯ ಕಡೆಗೆ ಉಗುರು ಎಳೆಯಿರಿ. ಉಗುರು ಬಳೆಯ ಅಂಚಿಗೆ ತಗುಲಿ ನಿಂತರೆ ಯಾರೋ ಮರವನ್ನು ಉಜ್ಜಿ ಸವೆಸಿರುವ ಸಾಧ್ಯತೆ ದೊಡ್ಡದು. ನನಗೆ ಜಾಸ್ತಿ ಸಂಕಟ ಆಗೋದೇ ಇಲ್ಲಿ. ಮಾರುವವರು ಹಳೇ ಕ್ಯೂ ಸಿಕ್ಕ ತಕ್ಷಣ ಸ್ಯಾಂಡ್‌ಪೇಪರ್ ಹಾಕಿ ಉಜ್ಜುತ್ತಾರೆ, ಮೇಲೆ ಮಂಚಕ್ಕೆ ಬಳಿಯುವ ವಾರ್ನಿಷ್ ಬಳಿಯುತ್ತಾರೆ. ಫೋಟೊದಲ್ಲಿ ಫಳಫಳ ಹೊಳೆಯುತ್ತದೆ ನಿಜ. ಆದರೆ ಬುಡದಿಂದ ತುದಿಗೆ ಸಣ್ಣದಾಗುತ್ತಾ ಬರುವ ಆ ಇಳಿಜಾರನ್ನು ಕುಶಲಕರ್ಮಿ ರಂದಾ ಹಿಡಿದು ತಂದಿರುತ್ತಾನೆ, ಒಂದೇ ಮಧ್ಯಾಹ್ನದಲ್ಲಿ ಅದು ಹಾಳಾಗುತ್ತದೆ. ಸವೆದ ಮರವನ್ನು ಮತ್ತೆ ತುಂಬೋಕಾಗಲ್ಲ. ದಯವಿಟ್ಟು ಮಾರುವವರು ಇದನ್ನು ಓದಿ: ಒಣ ಬಟ್ಟೆಯಲ್ಲಿ ಒರೆಸಿ, ಬೇಕಿದ್ದರೆ ಒಂದೆರಡು ಹನಿ ಅಗಸೆ ಎಣ್ಣೆ ತೀಡಿ, ಅಷ್ಟಕ್ಕೆ ಬಿಡಿ.

ಒಂದು ಟೇಪ್ ಜೊತೆಗಿರಲಿ. ಸ್ನೂಕರ್ ಕ್ಯೂ ಸಾಮಾನ್ಯವಾಗಿ 57–58 ಇಂಚು ಇರುತ್ತದೆ, ಹಳೆಯವು ಸ್ವಲ್ಪ ಗಿಡ್ಡ ಇರಬಹುದು. ಟಿಪ್ 9ರಿಂದ 10 ಮಿ.ಮೀ. 53–54 ಇಂಚು ಉದ್ದ, ಆದರೆ ಟಿಪ್ ಮಾತ್ರ ದಪ್ಪ ಅಂದರೆ ಮೇಲಿನ ತುದಿ ಮುರಿದೋ ಸೀಳಿಯೋ ಕತ್ತರಿಸಿದ್ದಾರೆ ಅಂತ ಅನುಮಾನ ಪಡಿ. ಎರಡು ತುಂಡಾಗಿ ಬಿಚ್ಚುವ ಕ್ಯೂ ಆದರೆ ಬಿಗಿಯಾಗಿ ತಿರುಗಿಸಿ ಜೋಡಿಸಿ, ಬುಡವನ್ನು ನೆಲಕ್ಕೆ ಮೆಲ್ಲಗೆ ಕುಟ್ಟಿ. ಗಟ್ಟಿ ಸದ್ದು ಬರಬೇಕು. ಗಿಲಗಿಲ ಅಂದರೆ ಜಾಯಿಂಟೋ ಬಳೆಯೋ ತೂಕಕ್ಕೆ ಅಂತ ಒಳಗೆ ಇಟ್ಟ ಭಾರವೋ ಸಡಿಲಾಗಿದೆ. ಒಂದೇ ತುಂಡಾಗಿದ್ದ ಹಳೇ ಕ್ಯೂವನ್ನು ಬಸ್ಸಿನಲ್ಲಿ ಒಯ್ಯೋಕೆ ಅನುಕೂಲ ಅಂತ ಆಮೇಲೆ ಕತ್ತರಿಸಿ ಜಾಯಿಂಟ್ ಹಾಕಿಸಿರೋದೂ ಉಂಟು. ಕೆಲಸ ಶುದ್ಧವಾಗಿದ್ದರೆ ಆಟಕ್ಕೆ ತೊಂದರೆ ಇಲ್ಲ. ಸಂಗ್ರಹ ಮಾಡುವವರು ಮಾತ್ರ ಅದಕ್ಕೆ ಕಡಿಮೆ ಕೊಡುತ್ತಾರೆ.

ಕರಿ ಮರ ಮತ್ತು ಬಿಳಿ ಮರ ಸೇರುವ ಜಾಗವನ್ನು ಆಟದವರು ಸ್ಪ್ಲೈಸ್ ಅನ್ನುತ್ತಾರೆ. ಅಲ್ಲಿ ಕರಿ ಮರದ ತುದಿಗಳು ದುಂಡಗೆ, ಒಂದಕ್ಕೊಂದು ಸ್ವಲ್ಪ ವ್ಯತ್ಯಾಸವಾಗಿದ್ದರೆ ಕೈಯಲ್ಲಿ ಮಾಡಿದ್ದು. ಚೂಪಾಗಿ, ಎಲ್ಲ ಒಂದೇ ಥರ ಇದ್ದರೆ ಮೆಷಿನ್ ಕೆಲಸ. ಮೆಷಿನ್ ಅಂದ ಮಾತ್ರಕ್ಕೆ ಕೆಟ್ಟದ್ದಲ್ಲ, ಗಟ್ಟಿಮುಟ್ಟಾಗಿ ಆಡುತ್ತವೆ. ಆದರೆ ಅವಕ್ಕೆ ಕೈಕೆಲಸದ ಬೆಲೆ ಕೊಡಬೇಡಿ. ಇನ್ನು ಕೆಲವು ಅಗ್ಗದ ಕ್ಯೂಗಳಲ್ಲಿ ಆ ಚೂಪು ತುದಿಗಳು ಬರೀ ಅಂಟಿಸಿದ ಚಿತ್ರ. ಅಂಥದ್ದಕ್ಕೆ ಹಳೇದು ಅಂತ ಒಂದು ರೂಪಾಯಿಯೂ ಜಾಸ್ತಿ ಕೊಡಬೇಕಿಲ್ಲ.

ಈಗ ಬ್ಯಾಡ್ಜ್ ವಿಷಯ. ಬರೋಸ್ ಅಂಡ್ ವಾಟ್ಸ್, ಥರ್ಸ್ಟನ್, ರೈಲಿ, ಪೆರಡಾನ್ ಇವೆಲ್ಲ ಕ್ಯೂ ಮಾರುವ ಕಂಪನಿಗಳಲ್ಲಿ ನಿಜಕ್ಕೂ ದೊಡ್ಡ ಹೆಸರುಗಳು. ಚಾಂಪಿಯನ್ನರ ಹೆಸರು ಹಾಕಿದ ಕ್ಯೂಗಳೂ ಬಂದವು. ‘ಇದು ಜೋ ಡೇವಿಸ್ ಕ್ಯೂ’ ಅಂದರೆ ಜೋ ಡೇವಿಸ್ ಆಡಿದ ಕ್ಯೂ ಅಂತಲ್ಲ, ಅವರ ಹೆಸರಿನಲ್ಲಿ ಕಾರ್ಖಾನೆ ಮಾಡಿ ಮಾರಿದ್ದು ಅಂತ. ವಾಲ್ಟರ್ ಲಿಂಡ್ರಮ್ ಹೆಸರಿನ ಎಷ್ಟೋ ಬ್ಯಾಡ್ಜುಗಳಲ್ಲಿ 4137 ಅನ್ನುವ ಅಂಕಿ ಇರುತ್ತದೆ. ಅದು ಅವರ ಬಿಲಿಯರ್ಡ್ಸ್ ವಿಶ್ವದಾಖಲೆಯ ಬ್ರೇಕ್, ಅಂದರೆ ಒಂದೇ ಸರದಿಯಲ್ಲಿ ಗಳಿಸಿದ ಅಂಕ, 1932ರ ಜನವರಿಯಲ್ಲಿ ಲಂಡನ್ನಿನ ಥರ್ಸ್ಟನ್ ಹಾಲ್‌ನಲ್ಲಿ ಜೋ ಡೇವಿಸ್ ವಿರುದ್ಧ ಆಡುವಾಗ ಮಾಡಿದ್ದು. ಹಾಗಾದರೆ ಆ ಬ್ಯಾಡ್ಜ್ ಇರುವ ಕ್ಯೂವನ್ನು ತೋರಿಸಿ ‘ನೂರಿಪ್ಪತ್ತು ವರ್ಷದ್ದು’ ಅಂದರೆ ಲೆಕ್ಕ ಎಲ್ಲಿ ಕೂರುತ್ತದೆ? ಬ್ಯಾಡ್ಜ್ ಕಿತ್ತು ಬೇರೆ ಕ್ಯೂಗೆ ಅಂಟಿಸುವುದೂ ನಡೆಯುತ್ತದೆ. ಬ್ಯಾಡ್ಜಿನ ಅಂಚು ಮರದ ಜೊತೆ ಸಮ ಇದೆಯಾ, ಸುತ್ತ ಹೊಸ ಅಂಟಿನ ಗುರುತು ಇದೆಯಾ ನೋಡಿ. ತುಂಬಾ ಹಳೇ ಕ್ಯೂಗಳ ಬುಡದಲ್ಲಿ ತೂಕವನ್ನು ಔನ್ಸ್ ಲೆಕ್ಕದಲ್ಲಿ ಒತ್ತಿರುತ್ತಾರೆ, 16, 16½ ಹೀಗೆ. ತಕ್ಕಡಿಯಲ್ಲಿಟ್ಟು ನೋಡಿ. 16 ಔನ್ಸ್ ಅಂದರೆ ಸುಮಾರು 450 ಗ್ರಾಂ. ತುಂಬಾ ವ್ಯತ್ಯಾಸ ಇದ್ದರೆ ಯಾರೋ ಕೈ ಆಡಿಸಿದ್ದಾರೆ.

‘ದಂತದ ಬ್ಯಾಡ್ಜ್’, ‘ದಂತದ ಬಳೆ’ ಅಂತ ಹೇಳಿ ಬೆಲೆ ಏರಿಸುವವರಿದ್ದಾರೆ. ದಂತದ ಬ್ಯಾಡ್ಜ್ ಅನ್ನುವುದರಲ್ಲಿ ಎಷ್ಟೋ ಸಲ ದಂತದ ಬಣ್ಣದ ಸೆಲ್ಯುಲಾಯ್ಡ್ ಅನ್ನುವ ಹಳೇ ಪ್ಲಾಸ್ಟಿಕ್ ಇರುತ್ತದೆ. ನಿಜವಾಗಿಯೂ ದಂತವೇ ಆಗಿದ್ದರೆ ಇನ್ನೂ ದೊಡ್ಡ ತೊಂದರೆ: ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ದಂತದ ವ್ಯಾಪಾರ ಅಪರಾಧ. ಆ ಮಾತು ಬಂದ ಕೂಡಲೇ ಅಲ್ಲಿಂದ ಎದ್ದು ಬನ್ನಿ.

ಹಾಗಾದರೆ ಎಷ್ಟು ಕೊಡಬೇಕು? ನನ್ನ ಲೆಕ್ಕ ಸರಳ. ಇವತ್ತು ಅಂಗಡಿಯಲ್ಲಿ ಅದೇ ದರ್ಜೆಯ ಹೊಸ ಆ್ಯಶ್ ಕ್ಯೂಗೆ ಎಷ್ಟು ಅಂತ ವಿಚಾರಿಸಿ. ಅದರಲ್ಲಿ ಹೊಸ ಟಿಪ್, ಬಳೆ, ಜಾಯಿಂಟ್ ರಿಪೇರಿ ಖರ್ಚು ಕಳೆಯಿರಿ. ಉಳಿದದ್ದಕ್ಕಿಂತ ಜಾಸ್ತಿ ಕೇಳಿದರೆ ಯಾಕೆ ಅಂತ ಮಾರುವವರು ತೋರಿಸಿಕೊಡಲಿ. ಕೈಕೆಲಸ, ಪೂರ್ತಿ ಉದ್ದ, ಕಿತ್ತಿರದ ಬ್ಯಾಡ್ಜ್, ಹೊಂದುವ ತೂಕ, ಜೊತೆಗೆ ಆ ಕಾಲದ ಕಪ್ಪು ತಗಡಿನ ಕೇಸ್ ಇದ್ದರೆ ಜಾಸ್ತಿ ಕೊಡೋದು ನ್ಯಾಯ. ಬರೀ ಫೋಟೊ ನೋಡಿ ಮುಂಗಡ ಕಳಿಸಬೇಡಿ.

ಪೂಲ್ ಆಡುವವರಿಗೂ ಒಂದು ಮಾತು. ಅಮೆರಿಕದ ಪೂಲ್ ಕ್ಯೂ ಬೇರೆಯೇ ಲೋಕ. ಟಿಪ್ 12–13 ಮಿ.ಮೀ., ಚೆಂಡೂ ದೊಡ್ಡದು, ಸುಮಾರು 57 ಮಿ.ಮೀ. ಸ್ನೂಕರ್ ಚೆಂಡು 52.5 ಮಿ.ಮೀ. ಅದಕ್ಕೇ ಪೂಲ್ ಕ್ಯೂ ತಂದು ಸ್ನೂಕರ್ ಆಡುತ್ತೇನೆ ಅಂದರೆ ಸರಿಹೋಗಲ್ಲ. ಅಲ್ಲಿರುವ ನಮ್ಮವರು ಹಳೇ ಸಾಮಾನಿನ ಮಾರಾಟದಲ್ಲಿ ಬಲಬುಷ್ಕಾ ಅನ್ನುವ ಹೆಸರು ಕಂಡರೆ ಕುಣಿದಾಡಬೇಡಿ. 1975ರಲ್ಲಿ ತೀರಿಕೊಂಡ ಜಾರ್ಜ್ ಬಲಬುಷ್ಕಾ ಕೈಯಾರೆ ಮಾಡಿದ ಕ್ಯೂಗಳು ಸಾವಿರ ಚಿಲ್ಲರೆ ಅಷ್ಟೇ, ಅದೇ ಹೆಸರಿನಲ್ಲಿ ಕಾರ್ಖಾನೆಗಳು ಆಮೇಲೆ ಮಾಡಿ ಮಾರಿದವು ಬೇರೆ. ಗೊತ್ತಿರುವವರ ಕೈಗೆ ಕೊಟ್ಟು ಪರೀಕ್ಷೆ ಮಾಡಿಸದೆ ಆ ಹೆಸರಿಗೆ ದುಡ್ಡು ಕೊಡಬೇಡಿ.

ಕೊನೆಗೆ ನಮ್ಮ ಹಳೇ ಕ್ಲಬ್‌ಗಳಿಗೆ ಒಂದು ವಿನಂತಿ. ಬೆಂಗಳೂರು, ಮೈಸೂರು, ಕೊಡಗು, ಚಿಕ್ಕಮಗಳೂರಿನ ಕ್ಲಬ್‌ಗಳ ಬಿಲಿಯರ್ಡ್ಸ್ ರೂಮಿನಲ್ಲಿ ಇಂಥ ಕ್ಯೂಗಳು ಮೂಲೆಯಲ್ಲಿ ನಿಂತಿರುತ್ತವೆ, ಮಳೆಗಾಲದ ತೇವ ಕುಡಿದು ಬಾಗುತ್ತವೆ. ನನಗೆ ಗೊತ್ತಿರುವ ಒಂದು ಕ್ಲಬ್ಬಿನಲ್ಲಿ ರೂಮು ರಿಪೇರಿ ಮಾಡುವಾಗ ಒಂದು ಕಟ್ಟು ಕ್ಯೂಗಳನ್ನು ಗುಜರಿಯವನಿಗೆ ತೂಕಕ್ಕೆ ಹಾಕಿದರು. ಅದರಲ್ಲಿ ನೆಟ್ಟಗಿದ್ದವೂ ಇದ್ದವು. ಹಾಗೆ ಮಾಡುವ ಮುನ್ನ ಬಿಲಿಯರ್ಡ್ಸ್ ರೂಮು ನೋಡಿಕೊಳ್ಳುವ ಮಾರ್ಕರ್‌ಗಳನ್ನೇ ಒಮ್ಮೆ ಕೇಳಿ. ದಿನವೂ ಅವುಗಳ ಟಿಪ್ ಹಾಕಿ, ಒರೆಸಿ ಇಟ್ಟವರು ಅವರು, ಯಾವುದು ಆಡುತ್ತದೆ ಯಾವುದು ಇಲ್ಲ ಅಂತ ಅವರಿಗೆ ಗೊತ್ತಿರುತ್ತದೆ. ಆಡುವಂಥವನ್ನು ಬೇರೆ ಮಾಡಿ, ಟಿಪ್ ಹಾಕಿಸಿ, ರಾಜ್ಯ ಬಿಲಿಯರ್ಡ್ಸ್ ಸಂಸ್ಥೆಯ ಮೂಲಕವೋ ನೇರವಾಗಿಯೋ ಕಲಿಯುವ ಮಕ್ಕಳಿಗೆ ಸಾಧಾರಣ ಬೆಲೆಗೆ ಕೊಡಿ. ಯಾವುದಾದರೂ ಕ್ಲಬ್ ಇದಕ್ಕೆ ಮುಂದೆ ಬಂದರೆ ಆ ಸುದ್ದಿಯನ್ನು ನಿಮ್ಮ ಕ್ರೀಡಾ ಪುಟದಲ್ಲಿ ಹಾಕಬೇಕು ಅಂತ ಕೇಳಿಕೊಳ್ಳುತ್ತೇನೆ.

ಇಂತಿ,
ನಿಮ್ಮ ಓದುಗ, ಮೈಸೂರು