ಬಾಕ್ಸ್ ಕೆಟ್ಟರೂ ಚಂದನ ಬಂತು!

ಸಂಪಾದಕರಿಗೆ ನಮಸ್ಕಾರ.

ಕಳೆದ ತಿಂಗಳು ನಮ್ಮ ಮನೆಯ ಕೇಬಲ್ ಬಾಕ್ಸ್ ಕೆಟ್ಟುಹೋಯಿತು. ಕೆಂಪು ದೀಪವೂ ಇಲ್ಲ, ಸದ್ದೂ ಇಲ್ಲ. ಕೇಬಲ್ ಹುಡುಗನಿಗೆ ಫೋನ್ ಮಾಡಿದರೆ 'ಸ್ಟಾಕ್ ಇಲ್ಲ ಸರ್, ಸೋಮವಾರ ತರ್ತೀನಿ' ಅಂದ. ಅವತ್ತು ಗುರುವಾರ. ನನಗೇನೋ ಫೋನ್ ಇದೆ, ಪೇಪರ್ ಇದೆ. ಅಮ್ಮನಿಗೆ 84 ವರ್ಷ. ರಾತ್ರಿ ಚಂದನದಲ್ಲಿ ಬರುವ ಕ್ವಿಜ್ ನೋಡದಿದ್ದರೆ ಅವರಿಗೆ ಊಟ ಸೇರುವುದಿಲ್ಲ.

ಸುಮ್ನೆ ಕೂತು ಬೇಜಾರಾಗಿ ಒಂದು ಕೆಲಸ ಮಾಡಿದೆ. ಬಾಕ್ಸಿನ ಹಿಂದಿನ ವಯರ್ ಬಿಚ್ಚಿ, ಅಂಗಡಿಯಿಂದ ಒಂದು ಪಿನ್ ತಂದು ಸಿಕ್ಕಿಸಿ, ನೇರವಾಗಿ ಟಿವಿಯ ಹಿಂದಿನ ಆ್ಯಂಟೆನಾ ತೂತಿಗೆ ಹಾಕಿದೆ. ಟಿವಿಯ ಮೆನುವಿನಲ್ಲಿ 'ಆಟೋ ಟ್ಯೂನಿಂಗ್' ಅಂತ ಇರುತ್ತಲ್ಲ, ಅಲ್ಲಿ ಆ್ಯಂಟೆನಾ, ಕೇಬಲ್, ಸ್ಯಾಟಲೈಟ್ ಎಂದು ಮೂರು ಆಯ್ಕೆ. ಟಿವಿ ತಂದು ನಾಲ್ಕು ವರ್ಷವಾಯಿತು, ಈ ಜಾಗಕ್ಕೆ ನಾನು ಕೈ ಹಾಕಿದ್ದು ಇದೇ ಮೊದಲು. ಕೇಬಲ್ ಒತ್ತಿ ಕಾಫಿ ಮಾಡಲು ಹೋದೆ. ಬಂದು ನೋಡಿದರೆ ಮುನ್ನೂರಕ್ಕೂ ಜಾಸ್ತಿ ಹೆಸರುಗಳು ಸಾಲಾಗಿ ಬಂದು ನಿಂತಿವೆ!

ಹೆಚ್ಚಿನವಕ್ಕೆ ಹೆಸರು ಮಾತ್ರ. ಒತ್ತಿದರೆ ಕಪ್ಪು ಪರದೆ, ನಡುವೆ 'ಸ್ಕ್ರ್ಯಾಂಬಲ್ಡ್' ಎಂಬ ಒಂದು ಪದ. ಒಂದೊಂದಾಗಿ ಒತ್ತುತ್ತಾ ಹೋದೆ. ಹತ್ತು, ಇಪ್ಪತ್ತು, ನಲವತ್ತು, ಎಲ್ಲಾ ಕಪ್ಪು. ಕೈ ಬಿಡಬೇಕು ಅನ್ನುವಷ್ಟರಲ್ಲಿ ಪಟಕ್ಕನೆ ಚಂದನ ಬಂತು. ಅಮ್ಮ ಕನ್ನಡಕ ಸರಿ ಮಾಡಿಕೊಂಡು, 'ಏನೋ ಇದು, ಡಬ್ಬಿ ಇಲ್ದೇನೇ ಬರ್ತಿದ್ಯಲ್ಲೋ' ಅಂದರು. ಆಮೇಲೆ ಇನ್ನೂ ಹನ್ನೆರಡು ಸಿಕ್ಕವು. ದೂರದರ್ಶನದವು ನಾಲ್ಕು, ಎರಡು ಭಕ್ತಿ ಚಾನೆಲ್, ಬಟ್ಟೆ ಒಗೆಯುವ ಮಷಿನ್ ಮಾರುವ ಒಂದು ಚಾನೆಲ್, ಯಾವುದೋ ಊರಿನ ರಥೋತ್ಸವವನ್ನೇ ತಿರುಗಿ ತಿರುಗಿ ತೋರಿಸುವ ಸ್ಥಳೀಯ ಚಾನೆಲ್, ಹೀಗೆ. ಒಂದಕ್ಕಂತೂ ಹೆಸರೇ ಇಲ್ಲ, ಬರೀ ನಂಬರ್. ಅದರಲ್ಲಿ ಯಾವುದೋ ಹಳೇ ಸಿನಿಮಾ ಓಡುತ್ತಿತ್ತು. ಮಾರನೇ ದಿನ ನೋಡಿದರೆ ಆ ಚಾನೆಲ್ಲೇ ಮಾಯ.

ಇದರಲ್ಲಿ ಮಾಯ ಮಂತ್ರ ಏನೂ ಇಲ್ಲ. ಕಂಬದಿಂದ ಮನೆಗೆ ಬರುವ ಕೇಬಲ್‌ನಲ್ಲಿ ಎಲ್ಲಾ ಚಾನೆಲ್‌ಗಳೂ ಯಾವಾಗಲೂ ಹರಿಯುತ್ತಲೇ ಇರುತ್ತವೆ. ನಾವು ದುಡ್ಡು ಕೊಟ್ಟವೂ ಬರುತ್ತವೆ, ಕೊಡದವೂ ಬರುತ್ತವೆ. 8 ಮೆಗಾಹರ್ಟ್ಸ್ ಅಗಲದ ಒಂದೊಂದು ದಾರಿಯಲ್ಲಿ ಹಿಂದೆ ಒಂದೇ ಚಾನೆಲ್ ಹೋಗುತ್ತಿತ್ತು. ಈಗ ಡಿಜಿಟಲ್ ಆದ ಮೇಲೆ ಅದೇ ಜಾಗದಲ್ಲಿ ಹತ್ತು ಹನ್ನೆರಡು ಚಾನೆಲ್ ತುಂಬುತ್ತಾರೆ. ಬಾಕ್ಸ್ ಮಾಡುವ ಕೆಲಸ ಎರಡು. ಒಂದು, ಆ ಗಂಟು ಬಿಚ್ಚಿ ಚಿತ್ರ ಮಾಡುವುದು. ಇನ್ನೊಂದು, ಬೀಗ ತೆಗೆಯುವುದು, ಅಂದರೆ ಸುಮ್ಮನೆ ನೋಡಲಾಗದಂತೆ ಕಲಸಿಟ್ಟ ('ಸ್ಕ್ರ್ಯಾಂಬಲ್' ಮಾಡಿದ) ಚಾನೆಲನ್ನು ಸರಿಮಾಡಿ ತೋರಿಸುವುದು. ಮೊದಲನೇ ಕೆಲಸ ಈಗಿನ ಎಷ್ಟೋ ಟಿವಿಗಳು ತಾವೇ ಮಾಡುತ್ತವೆ. ಬೀಗ ಹಾಕದೆ ಬಿಟ್ಟ ಚಾನೆಲ್ ಇದ್ದರೆ ಬಾಕ್ಸಿನ ಹಂಗಿಲ್ಲದೆ ಬರುತ್ತದೆ, ಅಷ್ಟೇ.

ವಯರ್‌ನಲ್ಲಿ ಇದ್ದೂ ಟಿವಿಗೆ ಕಾಣದ ಚಾನೆಲ್‌ಗಳು ನಮಗೆ ಹೊಸದೇನಲ್ಲ. ತೊಂಬತ್ತರ ದಶಕದಲ್ಲಿ ನಮ್ಮನೆಯ ಟಿವಿಗೆ ಎಂಟೇ ಬಟನ್. ಎದುರುಮನೆಯವರು ಹೈಪರ್ ಬ್ಯಾಂಡ್ ಟಿವಿ ತಂದರು. ಒಂದೇ ಕಂಬ, ಒಂದೇ ವಯರ್, ತಿಂಗಳಿಗೆ ಕೊಡುವ ದುಡ್ಡೂ ಒಂದೇ. ಆದರೆ ಅವರಿಗೆ ನಮಗಿಂತ ಜಾಸ್ತಿ ಚಾನೆಲ್. ಅಪ್ಪ ಕೇಬಲ್‌ನವನ ಮೇಲೆ ರೇಗಾಡಿದ್ದೇ ರೇಗಾಡಿದ್ದು. ತಪ್ಪು ಅವನದಲ್ಲ, ಮೇಲಿನ ಬ್ಯಾಂಡ್‌ನಲ್ಲಿ ಹಾಕಿದ ಚಾನೆಲ್ ಹಿಡಿಯುವ ಶಕ್ತಿ ನಮ್ಮ ಟಿವಿಗೆ ಇರಲಿಲ್ಲ ಎಂದು ಗೊತ್ತಾಗಿದ್ದು ಎಷ್ಟೋ ದಿನ ಆದಮೇಲೆ.

2010ರಲ್ಲಿ ಅಮೆರಿಕದಲ್ಲಿ ಮಗಳ ಮನೆಗೆ ಹೋದಾಗ ಇನ್ನೊಂದು ತಮಾಷೆ ನೋಡಿದೆ. ಅವರು ತೆಗೆದುಕೊಂಡಿದ್ದು ಇಂಟರ್ನೆಟ್ ಮಾತ್ರ, ಟಿವಿ ಕನೆಕ್ಷನ್ ಇರಲಿಲ್ಲ. ಆದರೂ ಅಳಿಯ ಗೋಡೆಯ ಕೇಬಲನ್ನು ಟಿವಿಗೆ ಚುಚ್ಚಿದರೆ ಊರಿನ ಚಾನೆಲ್‌ಗಳೆಲ್ಲಾ ಬಂದವು. ನಂಬರ್ ಮಾತ್ರ 84.1, 97.3 ಅಂತ ಚಿತ್ರವಿಚಿತ್ರ. ಒಂದು ಸಂಜೆ ಅದರಲ್ಲೊಂದು ಕಡೆ ಸಿನಿಮಾ ಬರುತ್ತಿತ್ತು. ಇದ್ದಕ್ಕಿದ್ದಂತೆ ನಿಂತುಹೋಯಿತು. ಎರಡು ನಿಮಿಷ ಬಿಟ್ಟು ಹಿಂದಕ್ಕೆ ಓಡಿತು. ಆಮೇಲೆ ಮತ್ತೆ ಶುರುವಾಯಿತು. ಅಕ್ಕಪಕ್ಕದಲ್ಲಿ ಯಾರೋ ದುಡ್ಡು ಕೊಟ್ಟು ತರಿಸಿಕೊಂಡು ನೋಡುತ್ತಿರುವ ಸಿನಿಮಾ ಅದು, ಅವರು ಎದ್ದು ಹೋದರೆ ನಮ್ಮನೆಯಲ್ಲೂ ನಿಲ್ಲುತ್ತದೆ ಎಂದು ಅಳಿಯ ಹೇಳಿದ. ನನಗೆ ನಗು ಬಂತು, ಜೊತೆಗೆ ಸ್ವಲ್ಪ ಮುಜುಗರವೂ ಆಯಿತು. ಯಾರದೋ ಮನೆಯ ಕಿಟಕಿಯಲ್ಲಿ ಇಣುಕಿದ ಹಾಗೆ ಅಲ್ವಾ? ಮೂಲ ಪ್ಯಾಕಿನ ಸ್ಥಳೀಯ ಚಾನೆಲ್‌ಗಳಿಗೆ ಕೇಬಲ್‌ನವರು ಬೀಗ ಹಾಕಬಾರದು ಎಂದು ಆಗ ಅಲ್ಲಿ ನಿಯಮವಿತ್ತು. 2012ರ ಅಕ್ಟೋಬರ್‌ನಲ್ಲಿ, ಪೂರ್ತಿ ಡಿಜಿಟಲ್ ಆದ ಕಡೆ ಅವಕ್ಕೂ ಬೀಗ ಹಾಕಲು ಒಪ್ಪಿಗೆ ಕೊಟ್ಟರು. ಆದರೂ ಅಲ್ಲಿ ಟಿವಿಗೆ ಒಂದು ಸಣ್ಣ ಆ್ಯಂಟೆನಾ ಹಾಕಿದರೆ ಊರಿನ ಚಾನೆಲ್‌ಗಳು ಈಗಲೂ ಪುಕ್ಕಟೆ.

ನಮ್ಮಲ್ಲಿ ಆ ದಾರಿಯೂ ಹೆಚ್ಚುಕಡಿಮೆ ಮುಚ್ಚಿದೆ. ದೂರದರ್ಶನದ ಹಳೇ ಅನಲಾಗ್ ಟ್ರಾನ್ಸ್‌ಮಿಟರ್‌ಗಳನ್ನು ಬಹುತೇಕ ನಿಲ್ಲಿಸಿಬಿಟ್ಟಿದ್ದಾರೆ. ಆಂಟೆನಾಗೆ ಬರುವ ಡಿಜಿಟಲ್ ಪ್ರಸಾರ 2016ರಲ್ಲಿ ಬೆಂಗಳೂರಿನಂಥ ಕೆಲವು ದೊಡ್ಡ ಊರುಗಳಲ್ಲಿ ಶುರುವಾಯಿತು. ಅದು ಇದೆ ಅನ್ನುವುದೇ ಎಷ್ಟೋ ಜನಕ್ಕೆ ಗೊತ್ತಿಲ್ಲ.

ಅಕ್ಕನ ಮಗ ಬಂದಿದ್ದಾಗ ನನ್ನ ಈ ಪ್ರಯೋಗ ನೋಡಿ, 'ಮಾವ, ಇದು ಕಳ್ಳತನ ಅಲ್ವಾ?' ಅಂತ ಕೇಳಿದ. ಒಳ್ಳೇ ಪ್ರಶ್ನೆ. ನಾನು ಪ್ರತಿ ತಿಂಗಳೂ ಬಿಲ್ ಕಟ್ಟುವವನು. ಯಾರ ಬೀಗವನ್ನೂ ಒಡೆದಿಲ್ಲ, ಪಕ್ಕದ ಮನೆಯ ವಯರ್‌ನಿಂದ ಎಳೆದಿಲ್ಲ. ಬೀಗ ಹಾಕದ ಚಾನೆಲ್ ತಾನಾಗಿ ಬಂತು, ನೋಡಿದೆ. ಆದರೆ ಅವನ ಮಾತು ಕೇಳಿ ಕಾನೂನು ಏನನ್ನುತ್ತದೆ ಎಂದು ಹುಡುಕಿದೆ. ಈ ಪತ್ರ ಬರೆಯಲು ಅದೇ ಕಾರಣ.

1995ರ ಕೇಬಲ್ ಟಿವಿ ಕಾಯ್ದೆಗೆ 2011ರಲ್ಲಿ ತಿದ್ದುಪಡಿ ಬಂತು. ಅದರಂತೆಯೇ ನಮ್ಮ ಮೈಸೂರು ಮತ್ತು ಬೆಂಗಳೂರಿನಲ್ಲಿ 2013ರ ಮಾರ್ಚ್ ಕೊನೆಯೊಳಗೆ ಬಾಕ್ಸ್ ಹಾಕಿಸಿಕೊಳ್ಳಬೇಕಾಯಿತು. ಆಮೇಲೆ ಉಳಿದ ಊರುಗಳಿಗೆ. ಕೇಬಲ್‌ನವರು ಮನೆಗಳ ಲೆಕ್ಕ ಕಡಿಮೆ ತೋರಿಸುತ್ತಾರೆ, ಹಾಗಾಗಿ ಚಾನೆಲ್‌ನವರಿಗೂ ಸರ್ಕಾರಕ್ಕೂ ಬರಬೇಕಾದ ದುಡ್ಡು ಬರುತ್ತಿಲ್ಲ ಎಂಬ ದೂರು ಇತ್ತು. ಒಪ್ಪೋಣ. ದುಡ್ಡಿನ ಚಾನೆಲ್‌ಗೆ ಬೀಗ ಇರಲಿ, ಯಾರು ಬೇಡ ಅಂತಾರೆ? ಆದರೆ ಕಾಯ್ದೆ ಹೇಳುವುದು ಎಲ್ಲಾ ಚಾನೆಲ್‌ಗೂ ಬೀಗ ಹಾಕಿಯೇ ಕಳಿಸಬೇಕು ಅಂತ. ಪುಕ್ಕಟೆ ಚಾನೆಲ್‌ಗೂ ವಿನಾಯಿತಿ ಇಲ್ಲ. ಅದೇ ಕಾಯ್ದೆಯ ಇನ್ನೊಂದು ಕಡೆ, ದೂರದರ್ಶನದ ಚಾನೆಲ್‌ಗಳನ್ನು ಪ್ರತಿ ಕೇಬಲ್‌ನವರೂ ಕಡ್ಡಾಯವಾಗಿ ತೋರಿಸಬೇಕು ಎಂದಿದೆ. ಎಲ್ಲರಿಗೂ ತೋರಿಸಲೇಬೇಕು, ಆದರೆ ಬೀಗ ಹಾಕಿ ತೋರಿಸಬೇಕು! ಇದು ಯಾವ ನ್ಯಾಯ ಸ್ವಾಮಿ?

ಹಾಗೆ ನೋಡಿದರೆ ಅವತ್ತು ನನಗೆ ಚಂದನ ಬಂದಿದ್ದೇ ಕೇಬಲ್‌ನವರ ಮರೆವಿನಿಂದ ಇರಬೇಕು. ಅದಕ್ಕೇ ಅವರ ಹೆಸರು ಇಲ್ಲಿ ಹೇಳುತ್ತಿಲ್ಲ.

ಇದೇ ಚಂದನ ಡಿಡಿ ಫ್ರೀ ಡಿಶ್‌ನಲ್ಲಿ ಆಕಾಶದಿಂದ ತಿಂಗಳ ಬಾಡಿಗೆಯಿಲ್ಲದೆ ಬರುತ್ತದೆ. ಹುಣಸೂರು ಹತ್ತಿರ ತಮ್ಮನ ಮನೆಯಲ್ಲಿ ಮಾಳಿಗೆ ಮೇಲಿನ ಛತ್ರಿಯ ವಯರ್ ನೇರವಾಗಿ ಟಿವಿಗೇ ಹೋಗುತ್ತದೆ. ನಡುವೆ ಬಾಕ್ಸ್ ಇಲ್ಲ. ಪುಕ್ಕಟೆ ಚಾನೆಲ್‌ಗೆ ಜನ ಬಾಕ್ಸ್ ಕೊಳ್ಳುವ ಹಾಗಾಗಬಾರದು ಎಂದು, ಸ್ಯಾಟಲೈಟ್ ಟ್ಯೂನರ್ (ಸಿಗ್ನಲ್ ಹಿಡಿಯುವ ಭಾಗ) ಒಳಗೇ ಇರುವ ಟಿವಿಗಳಿಗೆ ಭಾರತೀಯ ಮಾನಕ ಬ್ಯೂರೋ 2022ರಲ್ಲಿ ಒಂದು ಮಾನದಂಡವನ್ನೇ ತಂದಿದೆ. ಆಕಾಶದಿಂದ ಬಂದರೆ ಬಾಕ್ಸ್ ಬೇಡ, ಅದೇ ಚಾನೆಲ್ ಕಂಬದಿಂದ ಬಂದರೆ ಬೇಕು!

ದುಡ್ಡಿನ ಮಾತು ಬೇರೆ. 2019ರಲ್ಲಿ ಹೊಸ ದರ ಬಂದಾಗ ಬರೀ ವಯರ್‌ಗೆಂದು ತಿಂಗಳಿಗೆ 130 ರೂಪಾಯಿವರೆಗೆ ಇಟ್ಟರು, ತೆರಿಗೆ ಸೇರಿ 153 ಚಿಲ್ಲರೆ. ದುಡ್ಡಿನ ಚಾನೆಲ್ ಒಂದನ್ನೂ ನೋಡದವರೂ ಇದನ್ನು ಕೊಡಬೇಕಾಯಿತು. ಕೊಡೋಣ, ಕಂಬ ವಯರ್ ನೋಡಿಕೊಳ್ಳುವವರಿಗೂ ಹೊಟ್ಟೆ ಇದೆ. ಅದರ ಮೇಲೆ ಬಾಕ್ಸಿನ ದುಡ್ಡು, ಅದು ಕೆಟ್ಟರೆ ರಿಪೇರಿ, ಅಡಾಪ್ಟರ್ ಸುಟ್ಟರೆ ಇನ್ನೊಂದಷ್ಟು. ನನ್ನಮ್ಮನಂಥವರಿಗೆ ದುಡ್ಡಿಗಿಂತ ದೊಡ್ಡ ತೊಂದರೆ ಎರಡು ರಿಮೋಟ್. ಟಿವಿಯದು ಒಂದು, ಬಾಕ್ಸಿನದು ಒಂದು. ಸೌಂಡ್ ಕಡಿಮೆ ಮಾಡಲು ಹೋಗಿ ಎಚ್‌ಡಿಎಂಐ ಬದಲಾಯಿಸಿಬಿಡುತ್ತಾರೆ. ಪರದೆ ನೀಲಿ ಆಗುತ್ತದೆ, ನನಗೆ ಕೂಗು ಬರುತ್ತದೆ. ದಿನಕ್ಕೆ ಮೂರು ಸಲವಾದರೂ ಇದು ಇದ್ದದ್ದೇ. ಆ ನಾಲ್ಕು ದಿನ ಮಾತ್ರ ಒಂದು ಸಲವೂ ಕೂಗಲಿಲ್ಲ.

ನಮ್ಮ ಸಂಸದರನ್ನೂ ವಾರ್ತಾ ಮತ್ತು ಪ್ರಸಾರ ಸಚಿವಾಲಯವನ್ನೂ ನಾನು ಕೇಳುವುದು ಇಷ್ಟೇ. ಕಾಯ್ದೆಯಲ್ಲಿ ದೂರದರ್ಶನ ಮತ್ತು ಇತರ ಪುಕ್ಕಟೆ ಚಾನೆಲ್‌ಗಳನ್ನು ಬೀಗದಿಂದ ಬಿಡಿಸಿ. ಟಿವಿ ಅಂಗಡಿಯವರಿಗೂ ಒಂದು ಮಾತು. ಸ್ಮಾರ್ಟ್ ಅದು ಇದು ಅಂತ ಅರ್ಧ ಗಂಟೆ ವಿವರಿಸುತ್ತೀರಲ್ಲ, ಒಳಗೆ ಯಾವ ಟ್ಯೂನರ್ ಇದೆ ಅಂತಲೂ ಒಂದು ಸಾಲು ಹೇಳಿ.

ಹೇಳಿದಂತೆ ಸೋಮವಾರ ಹುಡುಗ ಬಾಕ್ಸ್ ತಂದ. ಟಿವಿಯಲ್ಲಿ ಆಗಲೇ ಚಂದನ ಓಡುತ್ತಿರುವುದನ್ನು ನೋಡಿ ತಲೆ ಕೆರೆದುಕೊಂಡ. ಹೊಸ ಬಾಕ್ಸ್ ಹಾಕಿಸಿಕೊಂಡೆ, ಹೆಂಡತಿಗೆ ಧಾರಾವಾಹಿ ಬೇಕಲ್ಲ. ಬಾಕ್ಸಿನಿಂದ ಹೊರಗೆ ಹೋಗುವ ತೂತಿನಿಂದ ಇನ್ನೊಂದು ವಯರ್ ಎಳೆದು ಟಿವಿಗೂ ಕೊಡಿಸಿದೆ. ಅಮ್ಮನ ರಿಮೋಟ್‌ನಲ್ಲಿ ಒಂದು ಬಟನ್ ಮೇಲೆ ಉಗುರುಬಣ್ಣದಿಂದ ಕೆಂಪು ಚುಕ್ಕೆ ಇಟ್ಟಿದ್ದೇನೆ. ಅದನ್ನು ಒತ್ತಿದರೆ ಚಂದನ. ಸದ್ಯಕ್ಕಂತೂ ಬರುತ್ತಿದೆ.

ಇಂತಿ,
ನಿಮ್ಮ ಓದುಗ,
ಕುವೆಂಪುನಗರ, ಮೈಸೂರು