ಹೆಸರು ತಿಳಿಯದ ಆ ಛಾಯಾಗ್ರಾಹಕರಿಗೆ

ಹೆಪ್ಪುಗಟ್ಟಿದ ಕೆರೆಯ ದಂಡೆಯಲ್ಲಿ ತಮ್ಮ ಕೆಲಸವನ್ನು ಬದಿಗಿಟ್ಟು, ನರಿಯ ಚಿತ್ರ ತೆಗೆಯುತ್ತಿದ್ದ, ಪರಿಚಯವೇ ಇಲ್ಲದ ನನಗೆ ಹಿಮದ ಬೆಳಕನ್ನು ಅಳೆಯುವ ಬಗೆಯನ್ನು ಕಲಿಸಿಕೊಟ್ಟ ಹಿರಿಯರೇ, ತಮಗೆ ನನ್ನ ಹೃತ್ಪೂರ್ವಕ ಧನ್ಯವಾದಗಳು.

ಕ್ಯಾಮೆರಾದ ಬೆಳಕಿನ ಮಾಪಕವು ಎದುರಿನ ದೃಶ್ಯವನ್ನೆಲ್ಲ ನಡುಮಟ್ಟದ ಬೂದು ಬಣ್ಣವೆಂದೇ ಭಾವಿಸಿ ಲೆಕ್ಕ ಹಾಕುವುದರಿಂದ ಬೆಳ್ಳನೆಯ ಹಿಮ ಚಿತ್ರದಲ್ಲಿ ಮಂಕಾಗುತ್ತದೆ, ಆದ್ದರಿಂದ ಎಕ್ಸ್‌ಪೋಷರನ್ನು (ಕ್ಯಾಮೆರಾದೊಳಗೆ ಬಿಡುವ ಬೆಳಕಿನ ಪ್ರಮಾಣವನ್ನು) ಸಾಮಾನ್ಯವಾಗಿ 1ರಿಂದ 2 ಸ್ಟಾಪ್‌ಗಳಷ್ಟು (ಪ್ರತಿ ಸ್ಟಾಪ್‌ಗೆ ಬೆಳಕು ಇಮ್ಮಡಿಯಾಗುತ್ತದೆ) ಏರಿಸಬೇಕು ಎಂದು ತಾವು ವಿವರಿಸಿದಿರಿ. ಅಷ್ಟಕ್ಕೇ ಬಿಡದೆ ಪರದೆಯ ಮೇಲಿನ ಹಿಸ್ಟೋಗ್ರಾಮ್ (ಎಡದ ಕಪ್ಪಿನಿಂದ ಬಲದ ಬಿಳಿಯವರೆಗೆ ಚಿತ್ರದ ಬೆಳಕಿನ ಹಂಚಿಕೆ ತೋರುವ ನಕ್ಷೆ) ತೋರಿಸಿ, ಅದರ ದಿಬ್ಬ ಬಲಕ್ಕೆ ಸರಿಯಬೇಕು, ಆದರೆ ಅಂಚಿಗೆ ತಾಗಿ ನಿಲ್ಲಬಾರದು, ತಾಗಿದರೆ ಹಿಮದ ಸೂಕ್ಷ್ಮ ವಿವರಗಳೆಲ್ಲ ಅಳಿಸಿಹೋಗುತ್ತವೆ ಎಂದು ಬೆರಳಿಟ್ಟು ಹೇಳಿದಿರಿ. ನರಿಯ ಮೀಸೆಗೆ ಅಂಟಿದ್ದ ಹಿಮದ ಕಣಗಳು ನನ್ನ ಚಿತ್ರದಲ್ಲಿ ಒಂದೊಂದಾಗಿ ಕಾಣುತ್ತಿರುವುದು ಆ ಮಾತಿನ ಫಲ.

ಚಳಿಗೆ ಬ್ಯಾಟರಿ ಬೇಗ ಸೋಲುವುದರಿಂದ ಹೆಚ್ಚುವರಿ ಬ್ಯಾಟರಿಯನ್ನು ಒಳಜೇಬಿನಲ್ಲಿಡಲು, ಬೆಚ್ಚಗಿನ ಕೋಣೆಗೆ ಹೋಗುವ ಮೊದಲೇ ತೇವ ಕಟ್ಟದಂತೆ ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದಿಡಲು ಹೇಳಿದವರೂ ತಾವೇ.

ಇವೆಲ್ಲಕ್ಕಿಂತ ದೊಡ್ಡ ಉಪಕಾರ ಮತ್ತೊಂದಿದೆ. ನರಿ ತಲೆಯೆತ್ತಿ ಕಿವಿ ನಿಮಿರಿಸಿದ ಕೂಡಲೇ ತಾವು ಕೈಸನ್ನೆಯಿಂದ ನನ್ನನ್ನು ನಿಲ್ಲಿಸಿ, ಆಹಾರ ವಿರಳವಾದ ಚಳಿಗಾಲದಲ್ಲಿ ಪ್ರಾಣಿಯನ್ನು ಬೆದರಿಸಿ ಓಡಿಸಿದರೆ ಅದು ಕೂಡಿಟ್ಟುಕೊಂಡ ಶಕ್ತಿ ವ್ಯರ್ಥವಾಗುತ್ತದೆ, ಉದ್ದದ ಲೆನ್ಸ್ ಇರುವುದೇ ದೂರ ಉಳಿಯಲೆಂದು ಪಿಸುಮಾತಿನಲ್ಲಿ ತಿಳಿಸಿದಿರಿ. ನನ್ನ ಮಟ್ಟಿಗೆ ಅದು ಎಲ್ಲ ತಾಂತ್ರಿಕ ಪಾಠಗಳಿಗಿಂತ ಮಿಗಿಲು. ಅಂದಿನಿಂದ ಪ್ರಾಣಿಯ ಕಿವಿಗಳನ್ನು ಗಮನಿಸಿಯೇ ಹೆಜ್ಜೆಯಿಡುತ್ತಿದ್ದೇನೆ, ಅದಕ್ಕಾಗಿ ತಮಗೆ ಸದಾ ಋಣಿಯಾಗಿದ್ದೇನೆ.