ನಿನ್ನ ಕೈಗೆ ಬರುವ 9 ಎಂಎಂ ರೌಂಡ್

ಪ್ರೀತಿಯ ಪುಟ್ಟಿ,

ದೊಡ್ಡಪ್ಪನ ಆಶೀರ್ವಾದಗಳು. ಪೊಲೀಸ್ ಅಕಾಡೆಮಿಯಲ್ಲಿ ಪಿಸ್ತೂಲ್ ಫೈರಿಂಗ್ ಶುರುವಾಗುತ್ತೆ ಅಂದೆ. ‘9 ಎಂಎಂಗೆ ಪವರ್ ಕಡಿಮೆಯಂತೆ, ಹೌದಾ?’ ಅಂತಲೂ ಕೇಳಿದೆ. ಅದು ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ರೌಂಡ್ ಅಂದರೆ ಗುಂಡು, ಮದ್ದು ತುಂಬಿದ ಅದರ ಲೋಹದ ಕೇಸು ಎರಡೂ ಸೇರಿದ್ದು; 9 ಎಂಎಂ ಅನ್ನುವುದು ಗುಂಡಿನ ದಪ್ಪ. ಈ ರೌಂಡ್ ಹುಟ್ಟಿದ್ದೇ ಸೈನ್ಯಕ್ಕಾಗಿ. ಜರ್ಮನಿಯ ಡಿಡಬ್ಲ್ಯುಎಂ ಎಂಬ ಶಸ್ತ್ರಾಸ್ತ್ರ ಕಂಪನಿಯ ಗೇಯೋರ್ಗ್ ಲೂಗರ್ ಮೊದಲು 7.65 ಮಿ.ಮೀ. ಪಿಸ್ತೂಲು ಮಾಡಿದ್ದರು. 1900ರಲ್ಲಿ ಸ್ವಿಸ್ ಸೇನೆ ಅದನ್ನು ಒಪ್ಪಿಕೊಂಡಿತು. ಉಳಿದ ಸೇನೆಗಳಿಗೆ ಇನ್ನೂ ದಪ್ಪ ಗುಂಡು ಬೇಕಿತ್ತು. ಲೂಗರ್ ಅದೇ ಕೇಸಿನ ಕಿರಿದಾದ ಕತ್ತನ್ನು ತೆಗೆದು, ಬಾಯಿ ಅಗಲಿಸಿ, 9 ಮಿ.ಮೀ. ಗುಂಡು ಕೂರಿಸಿದರು. ತಳದ ಅಳತೆ ಬದಲಾಗಲಿಲ್ಲ. ಹೊಸ ಬ್ಯಾರೆಲ್ ಹಾಕಿದರೆ ಹಳೆ ಪಿಸ್ತೂಲೇ ಸಾಕಾಯಿತು. ಎಂಥಾ ಜಾಣತನ ಅಲ್ವಾ! 1904ರಲ್ಲಿ ಜರ್ಮನ್ ನೌಕಾಪಡೆ, 1908ರಲ್ಲಿ ಭೂಸೇನೆ ಅದನ್ನು ತೆಗೆದುಕೊಂಡವು. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರ ಸ್ಟೆನ್ ಗನ್ನಿಗೂ ಇದೇ ರೌಂಡ್. ನಮ್ಮಲ್ಲಿ ಬಂಗಾಳದ ಇಷಾಪುರ ಕಾರ್ಖಾನೆಯ ಪಿಸ್ತೂಲು, ಸ್ಟರ್ಲಿಂಗ್ ಕಾರ್ಬೈನ್ (ಗಿಡ್ಡ ಬಂದೂಕು) ಎರಡಕ್ಕೂ ಇದೇ.

ಕೇಸು 19 ಮಿ.ಮೀ. ಉದ್ದ. ತಳದಿಂದ ಬಾಯಿಯ ಕಡೆಗೆ ಒಂಚೂರು ಸಣ್ಣಗಾಗುತ್ತೆ. ಒಂದರೊಳಗೊಂದು ಇಟ್ಟ ಲೋಟಗಳು ಸಲೀಸಾಗಿ ಬಿಡಿಸಿಕೊಳ್ಳುವ ಹಾಗೆ, ಖಾಲಿ ಕೇಸು ಹಿಂದಕ್ಕೆ ಜರುಗಿದ ಕೂಡಲೇ ಚೇಂಬರಿನ, ಅಂದರೆ ರೌಂಡ್ ಕೂರುವ ಜಾಗದ, ಗೋಡೆ ಬಿಡುತ್ತೆ. ಕೊಳೆ, ಧೂಳು ಇದ್ದರೂ ಸಿಕ್ಕಿಬೀಳುವುದು ಕಡಿಮೆ.

ಈಗ ನಿನ್ನ ಪವರ್ ಪ್ರಶ್ನೆ. 9 ಎಂಎಂ ಗುಂಡಿನ ತೂಕ ಸುಮಾರು 8 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 350 ಮೀಟರ್. ಅಮೆರಿಕದವರ ಹಳೆ .45 ಪಿಸ್ತೂಲಿನ (0.45 ಇಂಚು ದಪ್ಪದ) ಗುಂಡು 15 ಗ್ರಾಂ, ವೇಗ 255 ಮೀಟರ್. ಲೆಕ್ಕ ಹಾಕಿ ನೋಡು, ಎರಡರ ಶಕ್ತಿಯೂ 490 ಜೂಲ್ ಆಸುಪಾಸು. ಅವರ ಸೇನೆಯೂ 1985ರಲ್ಲಿ 9 ಎಂಎಂ ಪಿಸ್ತೂಲನ್ನೇ ಆರಿಸಿಕೊಂಡಿತು. ಸಣ್ಣ ರೌಂಡ್ ಆದ್ದರಿಂದ ಮ್ಯಾಗಜೀನಿನಲ್ಲಿ ಜಾಸ್ತಿ ಹಿಡಿಸುತ್ತೆ. ಹಳೆ .45ರಲ್ಲಿ 7, ನಮ್ಮ ಇಷಾಪುರದ್ದರಲ್ಲಿ 13.

ಹಾಗಾಗಿ ಪವರ್ ಸಾಲದು ಅನ್ನುವ ಚಿಂತೆ ಬಿಡು. ನನಗಿರುವ ಚಿಂತೆ ಬೇರೆ. ಕೋಲ್ಕತ್ತದ ಬಳಿಯ ಡಂಡಂನಲ್ಲಿ ಬ್ರಿಟಿಷರು ಮೈಯೊಳಗೆ ಅರಳುವ ಗುಂಡು ಮಾಡಿದ್ದರು. 1899ರ ಹೇಗ್ ಘೋಷಣೆ ಯುದ್ಧದಲ್ಲಿ ಅಂಥದ್ದನ್ನು ಬಳಸಬಾರದು ಅಂದಿತು. ಅದಕ್ಕೇ ಸೈನ್ಯದ 9 ಎಂಎಂ ಗುಂಡಿಗೆ ಸುತ್ತ ಗಟ್ಟಿ ಲೋಹದ ಕವಚ. ಅದು ಅರಳಲ್ಲ, ಎದುರಿಗಿದ್ದವನ ಮೈ ತೂರಿ ಆಚೆಗೂ ಹೋಗಬಹುದು. ರಣರಂಗದಲ್ಲಿ ಅದರ ಲೆಕ್ಕ ಬೇರೆ. ನೀನು ನಿಲ್ಲುವುದು ಸಂತೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ. ಅಪರಾಧಿ ಹಿಂದೆ ಸೊಪ್ಪು ಮಾರುವ ಅಜ್ಜಿ ಇರುತ್ತಾಳೆ. ಗುರಿ ನೋಡುವ ಮೊದಲು ಗುರಿಯ ಹಿಂದೆ ಏನಿದೆ ಅಂತ ನೋಡು. ಅದು ಕಾಣದಿದ್ದರೆ ಟ್ರಿಗರ್ ಮೇಲೆ ಬೆರಳಿಡಬೇಡ.

ಇನ್ನೊಂದು ಮಾತು. ಬರೀ ‘9’ ಅನ್ನುವ ಸಂಖ್ಯೆ ನಂಬಬೇಡ. ರಷ್ಯದ ಮಕರೋವ್ ರೌಂಡಿಗೂ 9 ಅಂತಲೇ ಹೆಸರು, ಆದರೆ ಅದರ ಕೇಸು 18 ಮಿ.ಮೀ., ಗುಂಡು ಇನ್ನೂ ದಪ್ಪ. ಒಂದರ ಪಿಸ್ತೂಲಿಗೆ ಇನ್ನೊಂದನ್ನು ಹಾಕಬಾರದು. ತುಂಬುವ ಮೊದಲು ಕೇಸಿನ ತಳದ ಮುದ್ರೆ ಓದು.

ಫೈರಿಂಗ್‌ನಲ್ಲಿ ಯಾವತ್ತಾದರೂ ಸದ್ದು ಮೆತ್ತಗೆ ಬಂದರೆ ಗುಂಡು ಬ್ಯಾರೆಲ್ಲಿನಲ್ಲೇ ಸಿಕ್ಕಿರಬಹುದು. ಮುಂದಿನದನ್ನು ಹೊಡೆಯಬೇಡ. ಮೂತಿ ಗುರಿಯ ಕಡೆಗೇ ಇಟ್ಟು, ಇನ್ನೊಂದು ಕೈ ಎತ್ತಿ ಉಸ್ತಾದರನ್ನು, ಅಂದರೆ ಫೈರಿಂಗ್ ಕಲಿಸುವವರನ್ನು, ಕರೆ. ಪಕ್ಕದವರು ಏನಂದರೂ ಅನ್ನಲಿ.

ಇಂತಿ ನಿನ್ನ ದೊಡ್ಡಪ್ಪ